ರೋಮಿನ ಕಲ್ಲುಗಳು, ಕಾಶಕ್ಕನ ಬಾಗಿಲು

ಪಾಂಪೆ ಎಂಬ ಊರು ನೆಲದೊಳಗೆ ಹೋದದ್ದು ಅಲ್ಲಿನ ಅಕ್ಕಪಕ್ಕದವರು ಮಾತು ಬಿಟ್ಟಿದ್ದರಿಂದ ಎಂದು ನಾನು ನನ್ನ ವೆಬ್‌ಸೈಟಿನಲ್ಲಿ ಬರೆದಿದ್ದೆ. ಬರೆದು, ಆ ಸಾಲು ಕೆಂಪು ಅಕ್ಷರದಲ್ಲಿ ಮಿನುಗುವಂತೆಯೂ ಮಾಡಿಸಿದ್ದೆ. ಈಗ ನೆನೆಸಿಕೊಂಡರೆ ಮುಖ ಎಲ್ಲಿಟ್ಟುಕೊಳ್ಳಲಿ ಅನ್ನಿಸುತ್ತದೆ. ಆದರೆ ನಮ್ಮೂರಿನಲ್ಲಿ ಹುಟ್ಟಿ ಬೆಳೆದವರನ್ನು ಕೇಳಿ ನೋಡಿ, ಮನೆ ನೆಲಕ್ಕಿಳಿಯಲು ಬೇರೊಂದು ಕಾರಣ ಇರಬಹುದು ಎಂದು ಅವರಿಗೂ ಹೊಳೆಯುವುದಿಲ್ಲ.

ನಮ್ಮೂರಿನಲ್ಲಿ ಪ್ರತಿ ಮನೆಯ ಬಗ್ಗೆಯೂ ದಿನಕ್ಕೊಂದು ಸಲ ಹೊರಗಿನವರು ಯಾರಾದರೂ ಗಟ್ಟಿಯಾಗಿ ಒಂದು ಮಾತು ಆಡಬೇಕು. ಆಡದಿದ್ದರೆ ಅವತ್ತು ಆ ಮನೆ ಒಂದು ನೂಲು ಕೆಳಗಿಳಿಯುತ್ತದೆ, ಒಬ್ಬರಿಗಿಂತ ಹೆಚ್ಚು ಜನ ಆಡಿದರೆ ಮೇಲೇಳುತ್ತದೆ. ನೂಲು ಅಂದರೆ ಗಾರೆ ಕೆಲಸದವರ ಲೆಕ್ಕ, ಎಂಟು ನೂಲಿಗೆ ಒಂದು ಅಂಗುಲ. ಆಡುವ ಮಾತು ಹೊಗಳಿಕೆಯೇ ಆಗಬೇಕೆಂದಿಲ್ಲ, ಬೈದರೂ ನಡೆಯುತ್ತದೆ. ಸುಳ್ಳು ಮಾತ್ರ ನಡೆಯುವುದಿಲ್ಲ, ನಿನ್ನೆ ಆಡಿದ್ದನ್ನೇ ಇವತ್ತು ಆಡಿದರೂ ನಡೆಯುವುದಿಲ್ಲ. ಪೇಟೆ ಬೀದಿಯ ವಕೀಲರಿಗೆ ಊರು ತುಂಬ ಶತ್ರುಗಳು. ಅವರ ಮನೆ ಕಟ್ಟಿದಾಗ ಇದ್ದದ್ದಕ್ಕಿಂತ ಎರಡಡಿ ಮೇಲೆದ್ದು, ಹೊಸದಾಗಿ ನಾಲ್ಕು ಮೆಟ್ಟಿಲು ಹಾಕಿಸಿದ್ದಾರೆ. ಒಳ್ಳೆಯವರು ಕಷ್ಟಪಡುತ್ತಾರೆ. ಅವರು ಬಾಗಿಲಿಗೆ ಗಿಳಿಹಸಿರು ಬಣ್ಣ ಬಳಿದೋ ಕಿಟಕಿಯನ್ನು ಓರೆಯಾಗಿ ಕೂರಿಸಿಯೋ ಜನ ಆಡಿಕೊಳ್ಳುವ ಹಾಗೆ ಮಾಡಿಕೊಳ್ಳುತ್ತಾರೆ.

ಇದನ್ನೆಲ್ಲ ಅದೃಷ್ಟಕ್ಕೆ ಬಿಡಬಾರದೆಂದು ಹಿರಿಯರು ಎದುರುಮನೆಯ ಪಾಳಿ ಎಂಬುದನ್ನು ಮಾಡಿಟ್ಟಿದ್ದಾರೆ. ಬೆಳಿಗ್ಗೆ ಎದ್ದು ಎದುರುಮನೆಯ ಬಗ್ಗೆ ಒಂದು ಮಾತು ಆಡುವುದು ನಿಮ್ಮ ಪಾಳಿ, ನಿಮ್ಮ ಮನೆಯ ಬಗ್ಗೆ ಆಡುವುದು ಅವರ ಪಾಳಿ. ಹೆಣ್ಣು ಕೊಡುವವರು ಮೊದಲು ವಿಚಾರಿಸುವುದು ಎದುರುಮನೆಯವರ ಬಾಯಿ ಹೇಗೆ ಎಂದು. ನನ್ನನ್ನು ನೋಡಲು ಮೂರು ಕಡೆಯವರು ಬಂದಿದ್ದರು. ಮೂವರಿಗೂ ಎದುರುಮನೆಯ ಕಾಶಕ್ಕ, "ಮನೆ ಗಟ್ಟಿ ಐತಿ, ಹುಡುಗ ಸ್ವಲ್ಪ ಮಬ್ಬು," ಎಂದು ಹೇಳಿ ಕಳಿಸಿದಳು. ಸುಳ್ಳು ಹೇಳುವ ಅಭ್ಯಾಸ ಆಕೆಗಿಲ್ಲ. ಹಾಗಾಗಿ ಐವತ್ತೆರಡನೇ ವಯಸ್ಸಿನಲ್ಲಿ ನಾನು, ಫಾಲಾಕ್ಷ, ಒಬ್ಬನೇ ಇದ್ದೇನೆ.

ಕೆಲಸ ಪುರಸಭೆಯಲ್ಲಿ, ಅಳತೆ ವಿಭಾಗ. ವಿಭಾಗ ಅಂದರೆ ನಾನು ಮತ್ತು ಒಂದು ಟೇಪು. ತಿಂಗಳಿಗೊಮ್ಮೆ ಪ್ರತಿ ಮನೆಯ ಹೊಸ್ತಿಲು ಬೀದಿಯಿಂದ ಎಷ್ಟು ಮೇಲಿದೆ, ಎಷ್ಟು ಕೆಳಗಿದೆ ಎಂದು ಅಳೆದು ಪುಸ್ತಕದಲ್ಲಿ ಬರೆಯುವುದು. ಅರ್ಧ ಬಾಗಿಲು ನೆಲದೊಳಗೆ ಹೋದ ಮನೆಯನ್ನು ಖಾಲಿ ಮಾಡಿಸಿ, ಮನೆಯವರನ್ನು ಕೆರೆಯಾಚೆಯ ತಗಡಿನ ಶೆಡ್ಡಿಗೆ ಕಳಿಸುತ್ತಾರೆ. ಖಾಲಿ ಮನೆಯ ಬಗ್ಗೆ ಮಾತಾಡುವವರು ಯಾರು? ಅದು ಇಳಿಯುತ್ತಲೇ ಹೋಗುತ್ತದೆ. ಶೆಡ್ಡಿಗೆ ಹೋದವರು ತಮ್ಮ ಮನೆಗೆ ಮರಳಿದ್ದನ್ನು ನಾನು ಕಂಡಿಲ್ಲ. ಖಾಲಿ ಮಾಡುವ ಕಾಗದಕ್ಕೆ ಸಹಿ ಹಾಕುವವನೂ ನಾನೇ.

ಇಂಥವನಿಗೆ ರೋಮ್ ಎಲ್ಲಿಂದ ಗಂಟುಬಿತ್ತು ಎಂದರೆ, ಒಂದು ಹೆಂಚಿನ ಕಂಪನಿಯ ಕ್ಯಾಲೆಂಡರಿನಿಂದ. ಹನ್ನೆರಡು ತಿಂಗಳಿಗೆ ಹನ್ನೆರಡು ರೋಮನ್ ಅವಶೇಷಗಳ ಚಿತ್ರ. ಜನವರಿಯಲ್ಲಿ ಒಂದು ಕಲ್ಲಿನ ಕಮಾನು ಖಾಲಿ ಮರಳುಗಾಡಿನಲ್ಲಿ ಒಂಟಿಯಾಗಿ ನಿಂತಿತ್ತು. ಸುತ್ತ ಒಂದು ಮನೆಯಿಲ್ಲ, ಎದುರುಮನೆಯಂತೂ ಇಲ್ಲವೇ ಇಲ್ಲ. ಕೆಳಗೆ ಸಾವಿರದೆಂಟುನೂರು ವರ್ಷ ಹಳೆಯದು ಎಂದು ಬರೆದಿತ್ತು. ಯಾರು ಮಾತಾಡಿ ಇದನ್ನು ಇಷ್ಟು ಕಾಲ ನಿಲ್ಲಿಸಿದರು? ಈ ಪ್ರಶ್ನೆ ತಲೆಗೆ ಹೊಕ್ಕಿದ್ದೇ ತಡ, ನನಗೆ ಊಟ ಸೇರದಾಯಿತು. ಇಡೀ ಜಗತ್ತಿಗೆ ಉತ್ತರ ಹೇಳಬೇಕಾದವನು ನಾನೇ ಎಂದು ಯಾಕೆ ಅನ್ನಿಸಿತೋ, ಶಿವನಿಗೇ ಗೊತ್ತು.

ಬಸ್ ನಿಲ್ದಾಣದ ಹತ್ತಿರ ಜುಲೇಖಾ ಎಂಬಾಕೆಯ ಝೆರಾಕ್ಸ್ ಮತ್ತು ಸೈಬರ್ ಅಂಗಡಿ ಇದೆ. ವೆಬ್‌ಸೈಟ್ ಮಾಡಿಕೊಡು ಎಂದು ಕೇಳಿದೆ.

"ಯಾವ ಅಂಗಡೀದು ಸಾರ್?"

"ಅಂಗಡಿ ಅಲ್ಲಮ್ಮ. ರೋಮಿನ ಪ್ರಾಚೀನ ಸ್ಥಳಗಳದ್ದು."

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀವು ಹೋಗಿದ್ರಾ?"

"ಹೋಗ್ಬೇಕು ಅಂತೇನಿದೆ?"

"ಏನಿಲ್ಲ ಸಾರ್, ಸುಮ್ನೆ ಕೇಳ್ದೆ," ಎಂದು ಕೀಬೋರ್ಡಿನ ಮೇಲಿನ ಬಟ್ಟೆ ತೆಗೆದಳು.

ವೆಬ್‌ಸೈಟಿಗೆ 'ರೋಮಿನ ಕಲ್ಲುಗಳು' ಎಂದು ಹೆಸರಿಟ್ಟೆ. ಎರಡೂ ಬದಿಗೆ ಉರಿಯುವ ಪಂಜು, ನಡುವೆ ಎಡದಿಂದ ಬಲಕ್ಕೆ ಓಡುವ ಸುಸ್ವಾಗತ, ಕೆಳಗೆ ಎಷ್ಟು ಜನ ಬಂದರೆಂದು ತೋರಿಸುವ ಅಂಕಿ. ಪಂಜು ಬೇಡ ಎಂದು ಜುಲೇಖಾ ಎರಡು ಸಲ ಹೇಳಿದಳು. ನಾನು ಕೇಳಲಿಲ್ಲ. ಮೊದಲ ತಿಂಗಳು ಅಂಕಿ ನಲವತ್ತೊಂದಕ್ಕೆ ಏರಿದಾಗ ಹಿಗ್ಗಿದೆ. ಅದರಲ್ಲಿ ಮೂವತ್ತೆಂಟು ಸಲ ಬಂದವನು ನಾನೇ ಎಂದು ಆಕೆ ತೋರಿಸಿಕೊಟ್ಟಳು.

ಒಂದೂವರೆ ವರ್ಷ ಬರೆದೆ. ಕ್ಯಾಲೆಂಡರು, ಒಂದು ನಿಘಂಟು, ಜುಲೇಖಾ ಅಚ್ಚು ಹಾಕಿಕೊಡುತ್ತಿದ್ದ ಹಾಳೆಗಳು, ಇಷ್ಟೇ ಬಂಡವಾಳ. ಉಳಿದದ್ದೆಲ್ಲ ನನ್ನ ಸಂಶೋಧನೆ. ರೋಮಿನ ಪ್ಯಾಂಥಿಯನ್ ಎಂಬ ಗುಡಿ ಒಂದು ಕಲ್ಲೂ ಅಲುಗದೆ ನಿಂತಿದೆ, ಯಾಕೆಂದರೆ ಕಟ್ಟಿದವರು ಮಾಳಿಗೆಯ ನಡುವೆ ಬೇಕೆಂದೇ ಒಂದು ದೊಡ್ಡ ತೂತು ಬಿಟ್ಟಿದ್ದಾರೆ. ಮಾಳಿಗೆಯಲ್ಲಿ ತೂತು ಇರುವ ಕಟ್ಟಡವನ್ನು ಯಾರು ತಾನೇ ಆಡಿಕೊಳ್ಳದೆ ಬಿಡುತ್ತಾರೆ ಎಂದು ಬರೆದೆ. ಕೊಲೋಸಿಯಂ ಒಂದು ಕಡೆ ಎತ್ತರವಾಗಿ ಇನ್ನೊಂದು ಕಡೆ ಮೋಟಾಗಿರುವುದರಿಂದ ಆ ಮೋಟು ಕಡೆಯ ಬೀದಿಯವರು ಜಗಳವಾಡಿ ಮಾತು ಬಿಟ್ಟಿದ್ದರು ಎಂದು ತೀರ್ಮಾನಿಸಿದೆ. ರೋಮನ್ನರು ಕಮಾನುಗಳ ಮೇಲೆ ನೀರು ಹರಿಸುತ್ತಿದ್ದ ಮೇಲ್ಗಾಲುವೆಯ ಒಳ್ಳೆಯ ಚಿತ್ರ ಸಿಗದೆ ನಮ್ಮೂರ ಕೆರೆಯ ಮುರಿದ ತೂಬಿನ ಚಿತ್ರವನ್ನೇ ಹಾಕಿದೆ.

ಇದನ್ನೆಲ್ಲ ನಿಜವಾಗಿ ಓದಿದವರು ಒಬ್ಬರೇ. ಪ್ರಫುಲ್ಲಾ ಎಂದು, ದೂರದ ಯಾವುದೋ ಊರಿನ ನಿವೃತ್ತ ಚರಿತ್ರೆ ಮೇಡಂ. ಅವರ ಮೊದಲ ಮೇಲ್ ಬಂದದ್ದು ಪಾಂಪೆಯ ಬಗ್ಗೆ. ಅದು ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಊರು, ಮಕ್ಕಳೂ ಬಲ್ಲ ಸಂಗತಿ, ದಯವಿಟ್ಟು ತಿದ್ದಿ ಎಂದಿತ್ತು. ಜ್ವಾಲಾಮುಖಿ ನೆಪ ಇರಬಹುದು, ಒಳಗಿನ ಕಾರಣ ಬೇರೆ ಎಂದು ಗತ್ತಿನಿಂದ ಉತ್ತರ ಕೊಟ್ಟೆ. ಎರಡನೆಯ ಮೇಲಿನಲ್ಲಿ, ನಿಮ್ಮ ಮೇಲ್ಗಾಲುವೆಯ ಮೇಲೆ ಎಮ್ಮೆಯೊಂದು ನಿಂತಿದೆಯಲ್ಲ ಎಂದು ಕೇಳಿದರು. ಆ ದೇಶದಲ್ಲಿ ಎಮ್ಮೆ ಇರಬಾರದೇ ಎಂದು ಬರೆದೆ. ವಿಚಾರಿಸಿ ನೋಡಿದರೆ ಇವೆಯಂತೆ. ಅದೊಂದರಲ್ಲಿ ಗೆದ್ದೆ.

ಈ ಒಂದೂವರೆ ವರ್ಷ ಬೆಳಿಗ್ಗೆ ನಾನು ಮನೆಯಿಂದ ಹೊರಡುತ್ತಿದ್ದದ್ದು ಕೈಯಲ್ಲಿ ಹಾಳೆ ಹಿಡಿದು, ಓದುತ್ತ. ನಮ್ಮದು ಬೀದಿಯ ಕೊನೆ. ನನ್ನ ಮನೆ, ಎದುರಿಗೆ ಕಾಶಕ್ಕನ ಮನೆ, ಮುಂದೆ ಕಾಂಪೌಂಡು ಗೋಡೆ. ಹಾಲಿನವನನ್ನು ಬಿಟ್ಟರೆ ಅಲ್ಲಿಗೆ ಬೇರೆ ಯಾರೂ ಬರುವುದಿಲ್ಲ. ಮೊದಲು ಬರುತ್ತಿದ್ದರು. ಕಾಶಕ್ಕ ಶಾಲೆಯ ಮಕ್ಕಳ ಯೂನಿಫಾರಂ ಹೊಲಿಯುವವಳು, ಗಂಡ ತೀರಿಕೊಂಡ ಮೇಲೆ ಆ ಮಿಷನ್ನಿನಿಂದಲೇ ಬದುಕಿದವಳು. ರೆಡಿಮೇಡ್ ಬಂದ ಮೇಲೆ ಜೂನ್ ತಿಂಗಳಿನ ಗಲಾಟೆ ನಿಂತುಹೋಯಿತು. ಆದರೂ ಆಕೆ ತನ್ನ ಪಾಳಿ ಒಂದು ದಿನ ತಪ್ಪಿಸಿದವಳಲ್ಲ. "ಫಾಲಾಕ್ಷಪ್ಪ, ನಿಮ್ ಮಾಳಿಗಿ ಮ್ಯಾಲೆ ಅರಳಿ ಸಸಿ ಹುಟ್ಟೈತಿ, ಕೀಳ್ರಿ," ಎನ್ನುವಳು. ಮಾರನೇ ದಿನ, "ಕಿತ್ತ ಜಾಗಾ ಬಿರುಕು ಬಿಟ್ಟೈತಿ," ಎನ್ನುವಳು. ನಾನು ಹಾಳೆಯಿಂದ ಕಣ್ಣೆತ್ತದೆ, "ನಿಮ್ಮ ಮನೆ ಬಹಳ ಭವ್ಯವಾಗಿದೆ ಕಾಶಕ್ಕ," ಎಂದು ನಡೆಯುವುದು. ಪ್ರತಿದಿನ ಇದೇ ಮಾತು. ಆಕೆ "ಹೂಂ" ಎನ್ನುತ್ತಿದ್ದಳು. ತಿಂಗಳ ಅಳತೆಯ ದಿನವೂ ಆ ಮನೆಗೆ ಟೇಪು ಹಿಡಿಯಲಿಲ್ಲ. ಎದುರುಮನೆ ತಾನೇ, ನೋಡುತ್ತಲೇ ಇದ್ದೇನಲ್ಲ ಎಂದು ಹಿಂದಿನ ತಿಂಗಳ ಅಂಕಿಯನ್ನೇ ಮತ್ತೆ ಬರೆದೆ.

ಆಮೇಲೆ ಪ್ರಫುಲ್ಲಾ ಅವರ ಮೂರನೇ ಮೇಲ್ ಬಂತು. "ನಿಮ್ಮ ಒಂಬತ್ತು ಪುಟಗಳು 'ಇದು ಬಹಳ ಭವ್ಯವಾಗಿದೆ' ಎಂದೇ ಶುರುವಾಗುತ್ತವೆ. ಬೇಸರ ಮಾಡಿಕೊಳ್ಳಬೇಡಿ, ನೀವು ಜೀವನದಲ್ಲಿ ಒಂದು ಕಟ್ಟಡವನ್ನಾದರೂ ಸರಿಯಾಗಿ ನೋಡಿದ್ದೀರಾ?"

ಮೈ ಉರಿದುಹೋಯಿತು. ಮೂವತ್ತು ವರ್ಷ ಊರಿನ ಅಷ್ಟೂ ಮನೆಗಳನ್ನು ಅಳೆದವನನ್ನು ಕೇಳುವ ಮಾತೇ ಇದು? ದಾರಿಯುದ್ದಕ್ಕೂ ಗೊಣಗುತ್ತ ಮನೆಗೆ ಬಂದೆ. ನಮ್ಮ ಎದುರುಮನೆಯನ್ನೇ ವರ್ಣಿಸಿ ಆಕೆಯ ಬಾಯಿ ಮುಚ್ಚಿಸುತ್ತೇನೆ ಎಂದುಕೊಂಡು, ಬೀದಿಯ ನಡುವೆ ನಿಂತು ತಲೆಯೆತ್ತಿದೆ. ತಲೆಯೆತ್ತುವ ಅಗತ್ಯವೇ ಇರಲಿಲ್ಲ. ಕಾಶಕ್ಕನ ಮನೆಯ ಮೂರು ಮೆಟ್ಟಿಲುಗಳು ಕಾಣಲಿಲ್ಲ. ಹೊಸ್ತಿಲು ಕಾಣಲಿಲ್ಲ. ಬಾಗಿಲಿನ ಮೇಲರ್ಧ ಮಾತ್ರ ಬೀದಿಯಿಂದ ಮೇಲಿತ್ತು. ಕಿಟಕಿ ನೆಲಮಟ್ಟಕ್ಕೆ ಬಂದಿತ್ತು, ಅದರೊಳಗಿನಿಂದ ಮಿಷನ್ ತುಳಿಯುವ ಸದ್ದು ಬರುತ್ತಿತ್ತು.

ಓಡಿಹೋಗಿ ಟೇಪು ತಂದೆ. ಅರ್ಧ ಬಾಗಿಲು ಮುಳುಗಲು ಇನ್ನು ಮೂರೇ ನೂಲು ಉಳಿದಿತ್ತು. ಅಂದರೆ ಮೂರು ದಿನ. ಆಮೇಲೆ ಆಕೆಯನ್ನು ಶೆಡ್ಡಿಗೆ ಕಳಿಸುವ ಕಾಗದಕ್ಕೆ ನಾನೇ ಸಹಿ ಹಾಕಬೇಕು. ನನಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು.

"ಅಳತಿಗೆ ಬಂದ್ರೇನು?" ಎಂದಳು ಕಾಶಕ್ಕ, ಕಿಟಕಿಯ ಒಳಗಿನಿಂದ.

"ಹೌದು," ಎಂದೆ.

"ಬರಬೇಕು. ಭಾಳ ದಿನಾ ಆತು."

ಮಾರನೇ ಬೆಳಿಗ್ಗೆ ಬೀದಿಯಲ್ಲಿ ನಿಂತು ಗಂಟಲು ಸರಿಮಾಡಿಕೊಂಡೆ. ಇಂಥ ಸಮಯದಲ್ಲೂ ನನ್ನ ಪಾಂಡಿತ್ಯ ಸುಮ್ಮನಿರಬೇಕಲ್ಲ. "ಈ ಮನೆಯ ಮುಖಮಂಟಪ ರೋಮನ್ ಶ್ರೀಮಂತರ ಮಹಡಿಮನೆಗಳನ್ನು ಹೋಲುತ್ತದೆ," ಎಂದು ಗಟ್ಟಿಯಾಗಿ ಸಾರಿದೆ. ಸಂಜೆ ಅಳೆದರೆ ಒಂದು ನೂಲು ಇಳಿದಿತ್ತು. ಆ ಮನೆಗೆ ಮುಖಮಂಟಪವೇ ಇಲ್ಲ.

"ಬೆಳಿಗ್ಗೆ ಅದೇನು ಅಂದ್ರಿ?" ಎಂದಳು ಕಾಶಕ್ಕ.

"ಏನಿಲ್ಲ. ಒಳಗೆ ಬರಲಾ? ನೋಡ್ಬೇಕು."

"ಏನು ನೋಡ್ತೀರಿ?"

"ಗೊತ್ತಿಲ್ಲ ಕಾಶಕ್ಕ. ಅದನ್ನೇ ನೋಡ್ಬೇಕು."

ಅರ್ಧ ಬಾಗಿಲಿನಲ್ಲಿ ಬಗ್ಗಿ, ಕುಂಡೆ ಊರಿ, ಕಾಲು ಒಳಗೆ ಇಳಿಬಿಟ್ಟೆ. ಇಳಿಯುವವರಿಗೆಂದು ಆಕೆ ಒಳಗೊಂದು ಸ್ಟೂಲು ಇಟ್ಟಿದ್ದಳು. ಆ ಸ್ಟೂಲಿನ ಮೇಲೆ ಹತ್ತಿ ಇಳಿದು ದಿನವೂ ನೀರು ತರುತ್ತಿದ್ದಳಂತೆ. ಮಿಷನ್ನಿನ ಮುಂದಿನ ಕಿಟಕಿಯಲ್ಲಿ ಬೀದಿಯ ಮಣ್ಣು ಮಾತ್ರ ಕಾಣುತ್ತಿತ್ತು. "ಹಾಲಿನವನ ಕಾಲು, ನಿಮ್ಮ ಕಾಲು, ಇಷ್ಟಾ ಕಾಣ್ತಾವ," ಎಂದಳು. "ನಿಮ್ ಪ್ಯಾಂಟಿನ ಅಂಚು ಬಿಚ್ಚಿ ಆರು ತಿಂಗಳಾತು. ಕರೆದು ಹೇಳೋಣ ಅಂದ್ರ ನೀವು ಓದ್ಕೋತ ಹೋಗ್ತೀರಿ."

ನಾನು ಸುತ್ತ ನೋಡಿದೆ. ಮೊದಲು ಏನೂ ಕಾಣಲಿಲ್ಲ. ಒಂದು ಮಿಷನ್, ಒಂದು ಮಂಚ, ಮೊಳೆಗೆ ನೇತುಹಾಕಿದ ಕತ್ತರಿ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಎದುರಿನ ಗೋಡೆ ಕಾಣಿಸಿತು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೀಲಿ ಪೆನ್ಸಿಲಿನ ಗೆರೆಗಳು. ಸಣ್ಣ ಸಣ್ಣ ಅಡ್ಡಗೆರೆ, ಪ್ರತಿ ಗೆರೆಯ ಪಕ್ಕ ಒಂದು ಹೆಸರು, ಒಂದು ವರ್ಷ.

"ಇದೇನು?"

"ಮಕ್ಕಳ ಎತ್ತರ. ಜೂನ್‌ನ್ಯಾಗ ಗೋಡೆಗೆ ನಿಲ್ಲಿಸಿ ಗೆರಿ ಹಾಕ್ತಿದ್ದೆ. ಹೋದ ವರ್ಷ ಎಷ್ಟು ಬೆಳದಾನ ನೋಡಿದ್ರ, ಈ ವರ್ಷ ಅಂಚಿನ್ಯಾಗ ಎಷ್ಟು ಬಟ್ಟಿ ಮಡಚಿ ಬಿಡಬೇಕು ತಿಳೀತೈತಿ. ನಾ ಹೊಲಿದ ಚಡ್ಡಿ ಎರಡು ವರ್ಷ ಬರ್ತಿದ್ದು ಅದಕ್ಕ."

ಮೊಣಕಾಲೂರಿ ಓದತೊಡಗಿದೆ. ಮೂವತ್ತೊಂದು ವರ್ಷದ ಊರು ಆ ಗೋಡೆಯ ಮೇಲಿತ್ತು. ಪುರಸಭೆಯ ಅಧ್ಯಕ್ಷರು ಮೂರನೇ ಇಯತ್ತೆಯಲ್ಲಿ ಒಂದೇ ಅಂಗುಲ ಬೆಳೆದಿದ್ದರು. ಬೇಕರಿಯ ಅವಳಿ ಅಣ್ಣತಮ್ಮಂದಿರ ಗೆರೆಗಳು ಆರು ವರ್ಷ ಒಂದೇ ಮಟ್ಟದಲ್ಲಿದ್ದು ಏಳನೇ ವರ್ಷಕ್ಕೆ ಬೇರೆಯಾಗಿದ್ದವು. ಜುಲೇಖಾಳದ್ದೂ ಇತ್ತು. ಒಂದು ಹೆಸರಿನ ಮುಂದೆ ಎರಡೇ ಗೆರೆ, ಮೂರನೆಯದಿಲ್ಲ. ಯಾಕೆ ಎಂದು ಕೇಳಿದೆ. "ಕೆರ್ಯಾಗ ಹೋದ ಹುಡುಗ," ಎಂದಳು ಕಾಶಕ್ಕ. "ಆ ವರ್ಷದ ಅಂಗಿ ಹೊಲಿದಿಟ್ಟಿದ್ದೆ. ಅವ್ವ ಬಂದು ಇಸ್ಕೊಂಡು ಹೋದ್ಳು."

ಮರುದಿನ ಬೆಳಿಗ್ಗೆ ಅಳೆದಾಗ ಇನ್ನೆರಡೇ ನೂಲು ಬಾಕಿ. ಬೀದಿಯಲ್ಲಿ ನಿಂತೆ. ಪಾಂಡಿತ್ಯ ಎಲ್ಲ ಬತ್ತಿಹೋಗಿತ್ತು. "ಕಾಶಕ್ಕನ ಮನೆಯ ಗೋಡೆಯಲ್ಲಿ ಅಧ್ಯಕ್ಷರು ಮೂರಡಿ ಏಳಂಗುಲ ಇದ್ದಾರೆ," ಎಂದೆ. ಅಷ್ಟೇ ಹೊಳೆದದ್ದು. ಅವತ್ತು ಮನೆ ಇಳಿಯಲಿಲ್ಲ.

ಇಳಿಯದಿದ್ದರೆ ಸಾಕೇ, ಏಳಬೇಕಲ್ಲ. ನನಗೆ ತಕ್ಷಣ ವೆಬ್‌ಸೈಟ್ ನೆನಪಾಯಿತು. ಇಷ್ಟು ದಿನ ಕಂಡವರ ಕಲ್ಲು ಹಾಕಿದ್ದಾಯಿತು, ಇದನ್ನೇ ಒಂದು ಪುಟ ಮಾಡಿ ಜಗತ್ತಿಗೆ ತೋರಿಸಿದರೆ ಮನೆ ತಾನಾಗಿ ಏಳುತ್ತದೆ ಎಂದು ಸೈಬರಿಗೆ ಓಡಿದೆ. ಆಧಾರ್ ಝೆರಾಕ್ಸಿಗೆ ಬಂದವರ ಸಾಲು ಬಾಗಿಲ ತನಕ ಇತ್ತು. ನಾನು ಕೌಂಟರಿಗೆ ಒರಗಿ, ಬರೆದುಕೋ ಎಂದು ಜುಲೇಖಾಳಿಗೆ ಹೇಳುತ್ತಲೇ ಹೋದೆ. ಸ್ಟೂಲು ಹೇಳಿದೆ, ಕಿಟಕಿ ಹೇಳಿದೆ, ಗೆರೆಗಳನ್ನು ಹೆಸರು ಹಿಡಿದು ಹೇಳಿದೆ. "ನೀನು ಐದನೇ ಇಯತ್ತೇಲಿ ನಾಲ್ಕಡಿ ಎರಡಂಗುಲ," ಎಂದೆ. ಆಕೆಯ ಬೆರಳು ನಿಂತಿತು. "ನಾನೂ ಇದೀನಾ?" ಎಂದಳು. ಸಾಲಿನಲ್ಲಿದ್ದ ಬೇಕರಿಯವನು, "ನಮ್ದು?" ಎಂದ. ಹೇಳಿದೆ. ಸಂಜೆಯವರೆಗೆ ಅಲ್ಲೇ ಇದ್ದೆ. ಮಧ್ಯಾಹ್ನದ ಊಟ ಮರೆತುಹೋಗಿತ್ತು.

ಮಾರನೇ ದಿನ ಎದ್ದು ನೋಡಿದರೆ ನಮ್ಮ ಬೀದಿಯ ಕೊನೆಯಲ್ಲಿ ಜನ. ನಲವತ್ತು ದಾಟಿದವರು, ಹೊಟ್ಟೆ ಬಂದವರು, ಮಕ್ಕಳ ಕೈ ಹಿಡಿದ ತಾಯಂದಿರು, ಒಬ್ಬೊಬ್ಬರಾಗಿ ಅರ್ಧ ಬಾಗಿಲಿನಲ್ಲಿ ಬಗ್ಗಿ ಒಳಗಿಳಿಯುತ್ತಿದ್ದರು. ಹೊರಬಂದವರ ಬಾಯಿ ನಿಲ್ಲುತ್ತಿರಲಿಲ್ಲ. ಜುಲೇಖಾ ತನ್ನ ಗೆರೆಯ ಕೆಳಗೆ ಕಾಶಕ್ಕ ಬರೆದಿದ್ದ 'ಎಡ ಭುಜ ಇಳಿಜಾರು' ಎಂಬುದನ್ನು ಓದಿಕೊಂಡು ಬಂದು, ಇವತ್ತಿಗೂ ತನ್ನ ದುಪಟ್ಟಾ ಎಡಗಡೆ ಜಾರುವುದು ಯಾಕೆಂದು ಈಗ ತಿಳಿಯಿತು ಎಂದಳು. ಅಧ್ಯಕ್ಷರೂ ಬಂದರು. ತಮ್ಮದು ಒಂದೇ ಅಂಗುಲ ಅಲ್ಲ, ಒಂದೂವರೆ ಎಂದು ವಾದಿಸಿದರು. "ಟೇಪು ನಂದೈತಿ, ನಿಂದಲ್ಲ," ಎಂದಳು ಕಾಶಕ್ಕ ಒಳಗಿನಿಂದ. ಆಕೆ ನಗುವುದನ್ನು ನಾನು ಕೇಳಿ ಬಹಳ ವರ್ಷವಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಮನೆ ಕಿರ್ ಎಂದು ಸದ್ದು ಮಾಡಿತು. ಸಂಜೆ ಅಳೆದೆ: ನಾಲ್ಕಂಗುಲ ಎದ್ದಿತ್ತು.

ನಾನು ಎದೆಯುಬ್ಬಿಸಿಕೊಂಡು ಜುಲೇಖಾಳ ಹತ್ತಿರ ಹೋದೆ. "ನೋಡಿದ್ಯಾ, ವೆಬ್‌ಸೈಟಿನ ಶಕ್ತಿ?"

"ಯಾವ ವೆಬ್‌ಸೈಟು ಸಾರ್?"

"ನಿನ್ನೆ ಪುಟ ಹಾಕ್ಲಿಲ್ವಾ?"

"ಎಲ್ಲಿ ಹಾಕ್ಲಿ? ನೀವು ಒಂದೇ ಸಮ ಮಾತಾಡ್ತಾ ಇದ್ರಿ, ನಾನು ಕೇಳ್ತಾ ಕೂತೆ. ಮೂರು ಸಾಲೂ ಟೈಪ್ ಮಾಡಿಲ್ಲ." ಆಕೆ ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಎರಡು ಪಂಜುಗಳು ಉರಿಯುತ್ತಿದ್ದವು. ಅಂಕಿ ಹೋದ ವಾರ ಎಲ್ಲಿತ್ತೋ ಅಲ್ಲೇ ಇತ್ತು.

ಅಲ್ಲಿಂದ ನೇರ ಪುರಸಭೆಗೆ ಹೋಗಿ ಅಳತೆ ಪುಸ್ತಕ ತೆಗೆದು, ಹದಿನೆಂಟು ತಿಂಗಳ ಸುಳ್ಳು ಅಂಕಿಗಳ ಮೇಲೆ ಕೆಂಪು ಗೆರೆ ಎಳೆದು ಸಹಿ ಹಾಕಿದೆ. ಅದಕ್ಕೆ ವಿವರಣೆ ಕೇಳಿ ನೋಟಿಸು ಬಂದಿದೆ. ಬರಲಿ.

ಪುಸ್ತಕ ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದಾಗ ಕಾಶಕ್ಕ ಬಾಗಿಲಲ್ಲಿ ಕೂತು ಬೆನ್ನು ಒತ್ತಿಕೊಳ್ಳುತ್ತಿದ್ದಳು. ಎದುರಿಗೆ ನೆಲದ ಮೇಲೆ ಕೂತೆ. "ಮನೆ ಇಳೀತಾ ಇದೆ ಅಂತ ಒಂದು ಮಾತು ಹೇಳಬಾರದಿತ್ತಾ ಕಾಶಕ್ಕ? ದಿನಾ ನಿಮ್ಮ ಮುಂದೇನೇ ಹೋಗ್ತಿದ್ದೆ."

"ಕೇಳಿ ಇಸ್ಕೊಂಡ ಮಾತಿಗೆ ಮನಿ ನಿಂದರೂದಿಲ್ರಿ," ಎಂದಳು. "ನಮ್ಮನಿಯವರು ಹೋದ ಹೊಸದಾಗಿ ಕೇಳಿ ನೋಡೀನಿ. ಪಾಪ, ಜನಾ ಹೇಳಿದ್ರು. ಒಂದು ನೂಲೂ ಏಳಲಿಲ್ಲ." ಬೆನ್ನಿನಿಂದ ಕೈ ತೆಗೆದು, "ಅಂಜಿಕಿ ಬರ್ತಿತ್ತು. ಶೆಡ್ಡಿನ್ಯಾಗ ಮಿಷನ್ ಎಲ್ಲಿಡ್ಲಿ ಅಂತ," ಎಂದಳು. ನಾನು ತಪ್ಪಾಯಿತು ಎಂದೆ. ಆಕೆ, "ಪ್ಯಾಂಟು ಬಿಚ್ಚಿ ಕೊಟ್ಟು ಕಳಸ್ರಿ, ಅಂಚು ಹಾಕ್ತೀನಿ," ಎಂದಳು.

ಬೆಳಿಗ್ಗೆ ಬಾಗಿಲು ಬಡಿದ ಸದ್ದಿಗೆ ಎಚ್ಚರವಾಯಿತು. ಕಾಶಕ್ಕ ನಿಂತಿದ್ದಳು, ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ. ಆಕೆಯ ಮುಖ ಬಾಡಿಹೋಗಿತ್ತು.

"ಫಾಲಾಕ್ಷಪ್ಪ, ತಪ್ಪಾಗೈತಿ. ನಿನ್ನಿ ಆ ಗದ್ದಲದಾಗ ನಿಮ್ ಮನಿ ಬಗ್ಗೆ ಒಂದು ಮಾತೂ ಆಡ್ಲಿಲ್ಲ. ಮರ್ತಾ ಬಿಟ್ಟೆ. ಮೂವತ್ತೈದು ವರ್ಷದಾಗ ಇದಾ ಮೊದಲು."

ಇಬ್ಬರೂ ಹೊರಗೆ ಬಂದು ಬಗ್ಗಿ ನೋಡಿದೆವು. ನನ್ನ ಮೊದಲ ಮೆಟ್ಟಿಲ ಬುಡದಲ್ಲಿ ಮಣ್ಣು ಒಂದು ನೂಲಿನಷ್ಟು ಮೇಲೇರಿತ್ತು. ಆಕೆ ಬಾಯಿ ಮೇಲೆ ಕೈ ಇಟ್ಟುಕೊಂಡಳು. ನಾನು ಟೇಪು ಹಿಡಿದು ಎರಡು ಸಲ ಅಳೆದೆ. ಒಳಗೆ ಹೋಗಿ ಪುಸ್ತಕ ತಂದು ಜಗುಲಿಯ ಮೇಲೆ ಕೂತು ನನ್ನ ಮನೆಯ ಸಾಲಿನಲ್ಲಿ ಬರೆದೆ, ಒಂದು ನೂಲು ಇಳಿದಿದೆ ಎಂದು. ಪಕ್ಕದಲ್ಲಿ ಕಾರಣ ಬರೆಯಲು ಒಂದು ಅಂಕಣವಿದೆ. ಅದರಲ್ಲಿ ಸಾಮಾನ್ಯವಾಗಿ ಜಗಳ, ಪರಸ್ಥಳ, ಕಾಯಿಲೆ ಎಂದು ಬರೆಯುತ್ತೇವೆ.

"ಏನ್ ಬರದ್ರಿ?" ಎಂದು ಕೇಳಿದಳು ಕಾಶಕ್ಕ.

ಓದಿ ಹೇಳಿದೆ: "ಎದುರುಮನೆಯವರು ಸಂತೋಷದಲ್ಲಿದ್ದರು."